ಸಿಪಿಯು ಒಳಗೆ ಕೂತ ಲಾಕು

ಸನ್ಮತಿ ಅಣ್ಣನ ಬೈಕು ಓಣಿಯ ತಿರುವಿನಲ್ಲಿ ಯಾವಾಗ ಕಾಣುತ್ತದೆ ಎಂದು ನೋಡುತ್ತ ನಿಲ್ಲುವುದೇ ಅಂಗಡಿಯಲ್ಲಿ ನನ್ನ ದೊಡ್ಡ ಕೆಲಸವಾಗಿತ್ತು. ಕಿವಿಯಿಂದ ಕಾಯುವ ಹಾಗಿರಲಿಲ್ಲ, ಕಣ್ಣಿನಿಂದಲೇ ಕಾಯಬೇಕು. ನಮ್ಮದು ಬೋರಗಾಂವದ ಮಗ್ಗದ ಓಣಿ. ಅಂಗಡಿಯ ಗೋಡೆಗೆ ಹತ್ತಿಕೊಂಡೇ ಬಾಳಾಸಾಬನ ಪವರ್‌ಲೂಮ್ ಶೆಡ್ಡು. ಬೆಳಗಾದರೆ ಖಟಖಟ ಶುರುವಾಗುತ್ತಿತ್ತು. ಟೇಬಲ್ಲಿನ ಮೇಲೆ ನೀರಿನ ಗ್ಲಾಸು ಇಟ್ಟರೆ ಅದು ತಾನೇ ನಡೆದುಕೊಂಡು ಅಂಚಿಗೆ ಬರುತ್ತಿತ್ತು. ನಾವ್ಯಾರೂ ಅದನ್ನು ವಿಚಿತ್ರ ಎಂದುಕೊಂಡವರಲ್ಲ. ಕೈ ಚಾಚಿ ಗ್ಲಾಸು ಹಿಂದಕ್ಕೆ ಸರಿಸಿ ಮಾತು ಮುಂದುವರಿಸುತ್ತಿದ್ದೆವು.

ಅಣ್ಣ ಬಂದರೆ ಲಾಕು ಬರುತ್ತಿತ್ತು. ಲಾಕು ಅಂದರೆ ಬಾಗಿಲಿಗೆ ಹಾಕುವ ಕೀಲಿಯಲ್ಲ. ಪೆನ್‌ಡ್ರೈವಿನಂಥದೇ ಹಸಿರು ಬಣ್ಣದ ಒಂದು ಸಣ್ಣ ಚೂರು. ನಾವು ಲಗ್ನಪತ್ರಿಕೆ ಮಾಡುವ ಸಾಫ್ಟ್‌ವೇರ್ ಮೊದಲು ಅದು ಕಂಪ್ಯೂಟರಿಗೆ ಚುಚ್ಚಿದೆಯೋ ಇಲ್ಲವೋ ಎಂದು ಹುಡುಕುತ್ತದೆ. ಇದ್ದರೆ ಅಕ್ಷರ ಮೂಡುತ್ತವೆ. ಇಲ್ಲದಿದ್ದರೆ ಪರದೆಯ ನಟ್ಟನಡುವೆ ‘ಲಾಕ್ ಸಿಗಲಿಲ್ಲ’ ಅನ್ನುವ ಚೌಕ ಬಂದು ಕೂಡುತ್ತದೆ, ಏನು ಒತ್ತಿದರೂ ಸರಿಯುವುದಿಲ್ಲ. ನಮ್ಮ ಕಡೆಯ ಪತ್ರಿಕೆ ಎಂದರೆ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ. ಹೆಣ್ಣು ರಾಯಬಾಗದ್ದಾದರೆ ಗಂಡು ಮೀರಜದ್ದು, ಮಾವಂದಿರು ಎರಡೂ ಕಡೆ. ಇಷ್ಟು ವರ್ಷ ಮಾಡಿದ ಪತ್ರಿಕೆಗಳೆಲ್ಲ ಆ ಒಂದು ಸಾಫ್ಟ್‌ವೇರಿನಲ್ಲೇ ಇದ್ದವು.

ಆ ಲಾಕು ಸನ್ಮತಿ ಅಣ್ಣನ ಬೈಕಿನ ಚಾವಿಯ ಜೊತೆ ನೇತಾಡುತ್ತಿತ್ತು. ಅವನಿಗೆ ಇನ್ನೊಂದು ಉದ್ಯೋಗ, ಕಾಗವಾಡದ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿಯ ಪೈಪು ಮಾರುವುದು. ಅವನು ತೋಟ ತಿರುಗಿದರೆ ಲಾಕೂ ತೋಟ ತಿರುಗುತ್ತಿತ್ತು. ಇಲ್ಲಿ ಗಿರಾಕಿ ಬೆಂಚಿನ ಮೇಲೆ ಕೂತು ಚಹಾ ಕುಡಿದು, ಇನ್ನೊಂದು ಚಹಾ ಕುಡಿದು ಎದ್ದು ಹೋಗುತ್ತಿದ್ದರು.

“ಲಾಕ್ ಬಿಟ್ಟ ಹೋಗೋ ಮಾರಾಯಾ,” ಎಂದು ಮಂಗಲ ವೈನಿ ಬೇಡಿಕೊಳ್ಳುತ್ತಿದ್ದಳು. ವೈನಿ ಎಂದರೆ ಅವನ ಅಣ್ಣನ ಹೆಂಡತಿ. ಅಂಗಡಿ ಕಾಯುವವಳು ಅವಳೇ, ಗಿರಾಕಿಯನ್ನು ಮಾತಾಡಿಸುವವಳು ಅವಳೇ. ಅವನು ಕರೆಯುವುದನ್ನು ಕೇಳಿ ಕೇಳಿ ನಾವೆಲ್ಲರೂ ಅವಳಿಗೆ ವೈನಿ ಎಂದೇ ಅನ್ನುತ್ತಿದ್ದೆವು.

“ಬಿಟ್ಟ ಹೋದ್ರ ಹ್ವಾದ ಸಲದಂಗ ಆಗ್ತೈತಿ ವೈನಿ. ಯಾರೋ ಪೆನ್‌ಡ್ರೈವ್ ಅಂತ ಕಿತ್ಗೊಂಡ ಹೋದ್ರು. ನಿಪ್ಪಾಣಿ ಸಂತ್ಯಾಗ ಹುಡಿಕ್ಯಾಡಿ ತಂದಾಂವ ನಾ.”

ಅವನು ಹೇಳುವುದೂ ಸುಳ್ಳಲ್ಲ. ಕಂಪ್ಯೂಟರಿನ ಮುಂದಿನ ಎರಡು ಯುಎಸ್‌ಬಿ ಕಿಂಡಿಗಳು ಕೆಟ್ಟು ಹೋಗಿದ್ದವು. ಹಿಂದಿನ ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬಾಳಾಸಾಬನ ಮಂದಿ ಮಗ್ಗಗಳಿಗೆಲ್ಲ ಪೂಜೆ ಮಾಡಿ, ಪಕ್ಕದವರೆಂಬ ಪ್ರೀತಿಯಿಂದ ತಾಟು ಹಿಡಿದು ನಮ್ಮಲ್ಲಿಗೂ ಬಂದಿದ್ದರು. ಮಾಯಕ್ಕ ದೇವಿಯ ಭಂಡಾರ, ಅಂದರೆ ಅರಿಶಿನದ ಪುಡಿ, ಕಂಡ ಕಂಡ ತೂತಿನಲ್ಲಿ ತುಂಬಿ, ಮೇಲೆ ಕಾಯಿ ಒಡೆದು ನೀರು ಹಾಕಿದರು. ಅರಿಶಿನ ಒಣಗಿ ಗಾರೆ ಹಾಕಿದಂತಾಯಿತು. ಹಿಂದುಗಡೆ ಉಳಿದ ಕಿಂಡಿಗಳಲ್ಲಿ ಕೀಬೋರ್ಡು, ಮೌಸು, ಪ್ರಿಂಟರು ಹೋಗಿ ಒಂದೇ ಖಾಲಿ. ಲಾಕು ಚುಚ್ಚಿದರೆ ಗಿರಾಕಿಯ ಪೆನ್‌ಡ್ರೈವಿಗೆ ಜಾಗ ಇಲ್ಲ, ಪೆನ್‌ಡ್ರೈವ್ ಚುಚ್ಚಬೇಕಾದರೆ ಲಾಕು ಕೀಳಬೇಕು. ಕಿತ್ತದ್ದು ಕಳೆಯದೆ ಇರುತ್ತದೆಯೆ?

ನಾನು ಅಲ್ಲಿ ಪತ್ರಿಕೆ ಮಡಚುವವಳು, ಲಕೋಟೆಗೆ ತುಂಬುವವಳು. ಎಂಟನೆಯ ಇಯತ್ತೆಗೆ ಸಾಲೆ ಬಿಟ್ಟು ಅವ್ವನ ಜೊತೆ ಬಾಳಾಸಾಬನ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದೆ. ಅಲ್ಲಿಂದ ಈ ಅಂಗಡಿಗೆ ಬಂದದ್ದು ವೈನಿ ಕರೆದಳೆಂದು. ಅವ್ವನಿಗೆ ಮನಸ್ಸಿರಲಿಲ್ಲ. “ಮಡಚೂದನ್ನ ಮಾಡಾಕ ಅಲ್ಯಾಕ ಹೋಗ್ಬೇಕು? ಕಂಪ್ಯೂಟರ್ ಮುಂದ ಕೂಡಿಸಿದ್ರ ಮಾತು ಬ್ಯಾರೆ. ದೀವಳಗಿ ತನಾ ನೋಡ್ತೇನಿ. ದೀವಳಗಿ ಆದ ಮ್ಯಾಲ ಬಾಳಾಸಾಬನ ಕಡೆ ಒಬ್ಬಾಕಿ ಬಿಡಾಕತ್ತಾಳ, ಆ ಜಾಗಾಕ್ಕ ನೀ ಬಾ,” ಎಂದಿದ್ದಳು. ಅವ್ವ ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವವಳಲ್ಲ.

ಕಂಪ್ಯೂಟರಿನ ಮುಂದೆ ಕೂಡಬೇಕೆಂದರೆ ಲಾಕು ಇರಬೇಕು. ಲಾಕು ಇದ್ದಾಗ ಆ ಕುರ್ಚಿಯಲ್ಲಿ ಸನ್ಮತಿ ಅಣ್ಣ ಇರುತ್ತಿದ್ದ. ಅವನು ಎದ್ದರೆ ಲಾಕೂ ಏಳುತ್ತಿತ್ತು. ಅವನ ಬೆರಳು ಯಾವ ಅಕ್ಷರಕ್ಕೆ ಎಲ್ಲಿ ಹೋಗುತ್ತವೆ ಎಂದು ಹಿಂದೆ ನಿಂತು ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ಮಡಚುವಾಗ ಪತ್ರಿಕೆಯ ಮೇಲೇ ಬೆರಳು ಕುಟ್ಟುತ್ತಿದ್ದೆ. ದೀವಳಿಗೆ ಹತ್ತಿರ ಬಂದ ಹಾಗೆ ನನಗೆ ಕೂತಲ್ಲಿ ಕೂಡಲಾಗದ ಹಾಗಾಯಿತು. ಬಾಗಿಲಿಗೆ ಹೋಗುವುದು, ತಿರುವು ನೋಡುವುದು, ಒಳಗೆ ಬರುವುದು.

“ನಿನ್ನ ಕಾಲಾಗ ಏನ ಮಷಿನ್ ಐತೇನ ಸೀಮಿ? ಕೂಡ್ರ ಬೇ ಒಂದ ಕಡೆ,” ಎಂದು ವೈನಿ ಗದರಿಸುತ್ತಿದ್ದಳು.

ಒಂದು ದಿನ ಅವಳೇ ತಡೆಯಲಾರದೆ ನಿಪ್ಪಾಣಿಯಿಂದ ಕಂಪ್ಯೂಟರ್ ರಿಪೇರಿಯ ನಿತಿನನನ್ನು ಕರೆಸಿದಳು. ನಿತಿನ ಸಿಪಿಯುವಿನ ಮಗ್ಗಲಿನ ತಗಡು ಬಿಚ್ಚಿ, ಮೊದಲು ಒಳಗಿನ ಹತ್ತಿಯ ಧೂಳು ನೋಡಿ ಹಣೆ ಬಡಿದುಕೊಂಡ. “ಗಾದಿ ತುಂಬಬಹುದಲ್ರಿ ವೈನಿ ಇದರಿಂದ!” ಬ್ರಷ್ಷಿನಿಂದ ಧೂಳು ತೆಗೆದ ಮೇಲೆ ಮೂಲೆಯಲ್ಲಿ ನಿಂತಿದ್ದ ಸಣ್ಣ ಸಣ್ಣ ಸೂಜಿಗಳ ಸಾಲು ತೋರಿಸಿದ. ಮುಂದಿನ ಕೆಟ್ಟ ಕಿಂಡಿಗಳ ವೈರು ಬಂದು ಸೇರಿದ್ದು ಅದಕ್ಕೇ. ಆ ವೈರು ಕಿತ್ತು, ಅದೇ ಸೂಜಿಗಳ ಮೇಲೆ ಒಂದು ಪುಟ್ಟ ಪಟ್ಟಿಯನ್ನು ಒತ್ತಿ ಕೂಡಿಸಿದ. ಪಟ್ಟಿಗೆ ಎರಡು ಹೊಸ ಕಿಂಡಿ.

“ಇನ್ನ ಪೆಟ್ಟಿಗಿ ಒಳಗ ಎರಡ ಯುಎಸ್‌ಬಿ ಆದುವು. ಒಂದರಾಗ ಲಾಕ್ ಹಾಕಿ ತಗಡ ಮುಚ್ಚಿಬಿಡ್ರಿ. ಕೀಳೂದೂ ಇಲ್ಲ, ಕಳಿಯೂದೂ ಇಲ್ಲ. ಹಿಂದಿನ ಕಿಂಡಿ ಪೆನ್‌ಡ್ರೈವಿಗಿ ಖಾಲಿ ಆತು.”

ಸನ್ಮತಿ ಅಣ್ಣ ಬೈಕಿನ ಚಾವಿ ಹಿಡಿದುಕೊಂಡೇ ನಿಂತಿದ್ದ. ಬೆರಳಿನಲ್ಲಿ ಲಾಕು ತಿರುಗಿಸುತ್ತಿದ್ದ. “ತಗಡ ಬಿಚ್ಚಿ ಯಾರರ ತಗದ್ರ?”

“ಯಾರ ತಗೀತಾರೋ? ನಾ ಏನ ಕಳ್ಳಿ ಕಂಡೇನೇನ?” ವೈನಿಯ ದನಿ ಏರಿತು.

“ನಿಮಗ ಅನ್ನಾಕತ್ತಿಲ್ರಿ ವೈನಿ…”

ನಿತಿನ ನಡುವೆ ಬಾಯಿ ಹಾಕಿದ. ಆ ಸಿಪಿಯುವಿನ ಹಿಂದೆ ಕೀಲಿ ಹಾಕಲು ಒಂದು ಕಿವಿ ಇತ್ತು. ಸನ್ಮತಿ ಅಣ್ಣ ಆ ಕ್ಷಣವೇ ಹೋಗಿ ಸೂಟ್‌ಕೇಸಿಗೆ ಹಾಕುವಂಥ ಸಣ್ಣ ಕೀಲಿ ತಂದ. ಲಾಕು ಒಳಗೆ ಹೋಯಿತು, ತಗಡು ಮುಚ್ಚಿತು, ಕೀಲಿ ಬಿತ್ತು. ಕೀಲಿಯ ಚಾವಿ ಬೈಕಿನ ಚಾವಿಯ ಜೊತೆ ಅವನ ಕಿಸೆಗೆ ಹೋಯಿತು.

“ಮನ್ಯಾಗ ಬಂಗಾರ ಇಟ್ಟ ಕಪಾಟಿಗೂ ಇಷ್ಟ ಬಂದೋಬಸ್ತ ಇಲ್ಲ,” ಎಂದಳು ವೈನಿ.

ಅಂದಿನಿಂದ ಕಂಪ್ಯೂಟರ್ ಯಾರ ದಾರಿಯನ್ನೂ ಕಾಯಬೇಕಾಗಲಿಲ್ಲ. ಅಣ್ಣ ಕಾಗವಾಡಕ್ಕೆ ಹೋದ ಕೂಡಲೇ ವೈನಿ ನನ್ನನ್ನು ಕುರ್ಚಿಗೆ ಕೂಡಿಸಿದಳು. ಮೊದಲ ದಿನ ಕೀಬೋರ್ಡಿನ ಮೇಲೆ ನನ್ನ ಬೆವರು ಅಂಟಿಕೊಂಡಿತ್ತು. ಆಮೇಲೆ ಬೆರಳುಗಳಿಗೆ ದಾರಿ ಸಿಕ್ಕಿತು. ವಧುವಿನ ಹೆಸರು, ವರನ ಹೆಸರು, ಮುಹೂರ್ತ, ಸ್ಥಳ. ಗಿರಾಕಿಗಳು ನನ್ನ ಬೆನ್ನಿಗೆ ಮಾತಾಡುತ್ತಿದ್ದರು, ನಾನು ತಿರುಗಿ ನೋಡುತ್ತಿರಲಿಲ್ಲ. ಏನಾದರೂ ಕೇಳಬೇಕಾದರೆ ವೈನಿಯ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಅವರಿಗೆ ಕೇಳುತ್ತಿದ್ದಳು. ಸಂಜೆ ಸನ್ಮತಿ ಅಣ್ಣ ಬಂದು ಲಾಕಿಲ್ಲದ ಚಾವಿಗೊಂಚಲು ಮುಟ್ಟಿಕೊಳ್ಳುತ್ತ ಅಂಗಡಿಯಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದ. ಏನೋ ಮರೆತವನ ಹಾಗೆ ಸಿಪಿಯುವಿನ ಹಿಂದೆ ಬಗ್ಗಿ ಕೀಲಿ ಎಳೆದು ನೋಡುತ್ತಿದ್ದ.

ಆ ಸುಖ ಬಹಳ ಉಳಿಯಲಿಲ್ಲ. ಒಂದು ಮಧ್ಯಾಹ್ನ ಟೈಪು ಮಾಡುತ್ತಿದ್ದಂತೆಯೇ ಪರದೆಯ ನಡುವೆ ಚೌಕ ಬಂತು. ಲಾಕ್ ಸಿಗಲಿಲ್ಲ. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ. ಸಿಕ್ಕಿತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಮರುದಿನವೂ ಹಾಗೆಯೇ. ಅರ್ಧ ಮಾಡಿದ ಕೆಲಸ ಉಳಿಸಿಕೊಳ್ಳಲೂ ಬಿಡದೆ ನುಂಗುತ್ತಿತ್ತು. ಅಕ್ಷರ ಒತ್ತುತ್ತ ಒತ್ತುತ್ತ, ಈಗ ಬರುತ್ತದೆ, ಈಗ ಬರುತ್ತದೆ ಎಂದು ಪರದೆಯ ನಡುವನ್ನೇ ನೋಡುತ್ತಿದ್ದೆ.

“ನನ್ನ ಕೈಯಾಗ ಇಷ್ಟ ವರ್ಷ ಒಮ್ಮಿನೂ ಹಿಂಗ ಆಗಿಲ್ಲ,” ಎಂದ ಸನ್ಮತಿ ಅಣ್ಣ. ನನ್ನ ಕಡೆ ನೋಡಲಿಲ್ಲ. “ಏನರ ಒತ್ತಬಾರದ್ದ ಒತ್ತಿರ್ತಾಳ. ಐತವಾರ ಬಿಚ್ಚಿ ಲಾಕ್ ತಗೀತೇನಿ. ಮೊದಲಿದ್ದಂಗ ನನ್ನ ಕಡೇನ ಇರ್ಲಿ.”

ನಾನು ಲಕೋಟೆಗಳನ್ನು ಎತ್ತಿಕೊಂಡು ಮೂಲೆಗೆ ಹೋದೆ. ಐತವಾರದ ಮುಂದೆಯೇ ದೀವಳಿಗೆ ಇತ್ತು.

ಶನಿವಾರ ಕಬ್ಬೂರದ ಕಾಕಾಸಾಹೇಬ ಬಂದ. ಕಬ್ಬಿನ ಹೊಲದವನು, ದೊಡ್ಡ ಮಗಳ ಪತ್ರಿಕೆಯೂ ನಮ್ಮಲ್ಲೇ ಮಾಡಿಸಿದ್ದ. ಈಗ ಸಣ್ಣವಳ ಲಗ್ನ. ಕನ್ನಡದ ಮಗ್ಗಲು ನಾನು ಮುಗಿಸಿ ಇಟ್ಟಿದ್ದೆ, ಮರಾಠಿ ಬಾಕಿ ಇತ್ತು. ಮರುದಿನ ಬೆಳಿಗ್ಗೆ ಅವರ ಮನೆಯಿಂದ ಜೀಪು ಹೊರಡುವುದಿತ್ತು. ಮೊದಲ ಪತ್ರಿಕೆ ಚಿಂಚಲಿಯ ಮಾಯಕ್ಕನಿಗೆ ಇಟ್ಟು, ಅಲ್ಲಿಂದ ಹಾಗೆಯೇ ಮೀರಜದ ಕಡೆ ಬೀಗರಿಗೆ ಹಂಚುತ್ತ ಹೋಗುವುದು.

“ಕೈಯಾಗ ಪತ್ರಿಕಿ ಹಿಡಕೊಂಡ ಏಳ್ತೇನಿ, ಇಲ್ಲಂದ್ರ ಇಲ್ಲೇ ಮಲಗ್ತೇನಿ ನೋಡ್ರಿ,” ಎಂದು ನಗುತ್ತ ಬೆಂಚಿನ ಮೇಲೆ ಕಾಲು ಮಡಚಿ ಕೂತ.

ನಾನು ಶುರು ಮಾಡಿದೆ. ಎರಡು ಸಾಲು ಆಗಿರಬೇಕು, ಚೌಕ ಬಂತು. ಬಂದ್ ಮಾಡಿ ಚಾಲೂ ಮಾಡಿದೆ. ಒಂದು ಸಾಲಿಗೇ ಬಂತು. ಮೂರನೆಯ ಸಲ ಅಕ್ಷರ ಮೂಡುವ ಮೊದಲೇ ಬಂತು.

ವೈನಿ ಸನ್ಮತಿ ಅಣ್ಣನಿಗೆ ಫೋನು ಹಚ್ಚಿದಳು. ಅವನು ಕಾಗವಾಡದ ಆಚೆ ಒಂದು ತೋಟದಲ್ಲಿದ್ದ, ಸಂಜೆಯ ಒಳಗೆ ಬರಲಾಗದು ಎಂದ. ನಿತಿನನಿಗೆ ಹಚ್ಚಿ ಸ್ಪೀಕರಿಗೆ ಹಾಕಿದಳು. ಮಗ್ಗದ ಸದ್ದಿನಲ್ಲಿ ಫೋನಿಗೆ ಕಿವಿ ಹಚ್ಚಿ ಇಬ್ಬರೂ ಬಗ್ಗಿದೆವು.

“ಆ ಪಟ್ಟಿಗಿ ಹಿಡಕೊಳ್ಳಾಕ ಏನೂ ಇಲ್ರಿ ವೈನಿ, ಬರೇ ಸೂಜಿ ಮ್ಯಾಲ ನಿಂತಿರ್ತೈತಿ,” ಎಂದ ನಿತಿನ. “ನಿಮ್ಮ ಗ್ವಾಡಿ ನಡಗೂದ ನಾ ಲಕ್ಷಕ್ಕ ತಗೊಳ್ಳಲಿಲ್ಲ. ಅಲುಗಿ ಅಲುಗಿ ಸಡ್ಲ ಆಗಿರ್ಬೇಕು. ತಗಡ ಬಿಚ್ಚಿ ಒತ್ತಿ ಕೂಡಿಸಿ, ಒಂದ ಪ್ಲಾಸ್ಟಿಕ್ ಪಟ್ಟಿ ಬಿಗದ್ರ ಆತು.”

“ಬಿಚ್ಚಾಕ ಚಾವಿ ಇಲ್ಲ.”

“ಹಂಗಾರ ಮಗ್ಗ ಬಂದ್ ಆಗೂತನಾ ಕಾಯ್ರಿ. ಅಲುಗಲಿಲ್ಲಂದ್ರ ಹಿಡೀತೈತಿ.”

ವೈನಿ ಒಳಗಿನಿಂದ ಖಾರ ಕುಟ್ಟುವ ಕಲ್ಲುಬತ್ತು ತಂದಳು. ಸಿಪಿಯು ತಿರುಗಿಸಿ ಆ ಸಣ್ಣ ಕೀಲಿಯ ಮೇಲೆ ಎತ್ತಿ ಹಿಡಿದಳು. ಕಾಕಾಸಾಹೇಬ ಕಾಲು ಕೆಳಗೆ ಬಿಟ್ಟ. ವೈನಿಯ ಕೈ ಮೇಲೆಯೇ ನಿಂತಿತು. ಆಮೇಲೆ ಮೆಲ್ಲಗೆ ಇಳಿಯಿತು.

“ಬ್ಯಾಡ. ಇದನ್ನ ಒಡದ್ರ ಇವತ್ತ ಮನ್ಯಾಗ ಒಲಿ ಎರಡ ಆಗ್ತಾವ,” ಎಂದಳು. ಕಲ್ಲುಬತ್ತು ನೆಲದ ಮೇಲೆ ಇಟ್ಟು ನನ್ನ ಕಡೆ ತಿರುಗಿದಳು. “ನೀ ಹೋಗಿ ಬಾಳಾಸಾಬಗ ಹೇಳು. ಸ್ವಲ್ಪ ಹೊತ್ತ ಮಗ್ಗ ನಿಲ್ಸು ಅನ್ನು. ನಾ ಹೋದ್ರ ಇಲ್ಲ ಅಂತಾನ. ಗ್ವಾಡಿ ಸಲುವಾಗಿ ಜಗಳಾ ತಗದಾಕಿ ನಾ. ನಿಮ್ಮವ್ವರ ಅಲ್ಲಿ ಅದಾಳು.”

ನನಗೆ ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಕೂಡ್ರಿ ಎನ್ನಲು ಬಾಯಿ ಬರುತ್ತಿರಲಿಲ್ಲ. ಬಾಳಾಸಾಬನಿಗೆ ಮಗ್ಗ ನಿಲ್ಲಿಸು ಎನ್ನುವುದೆ? ಆದರೆ ನಾಳೆ ಐತವಾರ. ಹೋಗದಿದ್ದರೂ ಅದೇ ಶೆಡ್ಡಿಗೆ ನಾನು ಹೋಗಬೇಕು, ಬೇರೆ ಕೆಲಸಕ್ಕೆ. ಚಪ್ಪಲಿ ಮೆಟ್ಟದೆ ಹಾಗೆಯೇ ಹೋದೆ.

ಶೆಡ್ಡಿನ ಒಳಗೆ ಮಾತಿಗೆ ಬೆಲೆಯಿಲ್ಲ. ಯಾರು ಕೂಗಿದರೂ ಯಾರಿಗೂ ಕೇಳದು. ಅಲ್ಲಿ ಎಲ್ಲರೂ ಕೈಯಿಂದಲೇ ಮಾತಾಡುತ್ತಾರೆ, ನೂಲು ಹರಿದಿದೆ, ಚಹಾ ಬಂದಿದೆ, ಮಾಲಕ ಬರುತ್ತಿದ್ದಾನೆ, ಎಲ್ಲದಕ್ಕೂ ಒಂದೊಂದು ಸನ್ನೆ. ಒಬ್ಬರನ್ನೊಬ್ಬರು ಬೈಯುವುದೂ ಕೈಯಿಂದಲೇ. ಬಾಗಿಲಲ್ಲಿ ನಿಂತ ಕೂಡಲೇ ನನ್ನ ಕೈಗಳು ತಾವೇ ಎದ್ದವು. ಬಾಯಿ ಬೇಕಾಗಲಿಲ್ಲ. ಬಾಳಾಸಾಬನ ಎದುರು ನಿಂತು, ಅಂಗೈ ಅಡ್ಡ ಹಿಡಿದು ತೋರಿಸಿದೆ: ನಿಲ್ಲಿಸಿರಿ. ಬೆರಳ ತುದಿ ತೋರಿಸಿದೆ: ಸ್ವಲ್ಪ ಹೊತ್ತು.

ಬಾಳಾಸಾಬ ಹುಬ್ಬು ಎತ್ತಿದ. ಮೇಲಕ್ಕೆ ಬೆರಳು ತೋರಿಸಿ ಕೇಳಿದ: ಯಾರಾದರೂ ತೀರಿಕೊಂಡರೇ? ನಾನು ತಲೆ ಅಲ್ಲಾಡಿಸಿದೆ. ಟೈಪು ಮಾಡುವ ಸನ್ನೆ ಮಾಡಿದೆ, ಗೋಡೆ ತೋರಿಸಿದೆ, ಕೈ ನಡುಗಿಸಿದೆ. ಅವನಿಗೆ ತಿಳಿಯಿತು. ತಿಳಿದದ್ದರಿಂದಲೇ ನಕ್ಕ. ಎಲ್ಲ ಮಗ್ಗಗಳ ಕಡೆ ಕೈ ಬೀಸಿ, ತಲೆಯ ಮಗ್ಗಲಲ್ಲಿ ಬೆರಳು ತಿರುಗಿಸಿದ. ಹುಚ್ಚು ಹಿಡಿದಿದೆಯೆ ನಿನಗೆ?

ಮೂಲೆಯಲ್ಲಿ ಅವ್ವ ಕಂಡಿಕೆ ಸುತ್ತುತ್ತ ನೋಡುತ್ತಿದ್ದಳು. ನಾನು ಅವಳ ಕಡೆ ತಿರುಗಿದೆ. ಅವಳಿಗೆ ಯಾವ ಸನ್ನೆ ಮಾಡಬೇಕೋ ತಿಳಿಯಲಿಲ್ಲ. ಎದೆಯ ಮೇಲೆ ಕೈ ಇಟ್ಟು, ಗೋಡೆಯಾಚೆ ತೋರಿಸಿ, ಕೈ ಖಾಲಿ ಮಾಡಿ ಹಿಡಿದೆ. ನನ್ನ ಜಾಗ ಹೋಗುತ್ತದೆ.

ಅವ್ವ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡಳು. ಯಾರನ್ನೂ ಕೇಳದೆ ಬಾಗಿಲ ಬಳಿಯ ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದಳು.

ಮಗ್ಗಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು.

“ಏ ತಾರವ್ವ! ತಲಿ ನೆಟ್ಟಗೈತೇನ?” ಬಾಳಾಸಾಬ ಮಗ್ಗ ನಡೆಯುವಾಗಿನ ದನಿಯಲ್ಲೇ ಕೂಗಿದ. ಅದು ಶೆಡ್ಡೆಲ್ಲ ಗುಡುಗಿತು. ಅವನೇ ಬೆಚ್ಚಿ ದನಿ ಇಳಿಸಿದ. “ಧೋತರ ಎಷ್ಟ ಕೊಡೂದೈತಿ ಸೋಮವಾರ, ಗೊತ್ತೈತಿಲ್ಲ?”

“ಗೊತ್ತೈತಿ. ಒಂದ ಪತ್ರಿಕಿ ಆಗೂತನಾ ತಡಿ,” ಎಂದಳು ಅವ್ವ. “ನಾ ಆಕಿಗೆ ದೀವಳಗಿ ತನಾ ಅಂದೇನಿ. ದೀವಳಗಿ ಇನ್ನಾ ಬಂದಿಲ್ಲ.”

ಆಮೇಲೆ ನನ್ನ ಕಡೆ ನೋಡಿ, “ಇಲ್ಯಾಕ ನಿಂತಿ? ಓಡು,” ಎಂದಳು.

ಓಡಿದೆ. ಕುರ್ಚಿಯಲ್ಲಿ ಕೂತು ಬಂದ್ ಮಾಡಿ ಚಾಲೂ ಮಾಡಿದೆ. ಪರದೆಯ ಮೇಲೆ ಚೌಕ ಬರಲಿಲ್ಲ. ಲಾಕು ಸಿಕ್ಕಿತ್ತು. ಬೆರಳು ಇಟ್ಟೆ, ಮರಾಠಿಯ ಮೊದಲ ಸಾಲು ಸರಸರ ಬಂತು.

ಆದರೆ ಅವಸರದಲ್ಲಿ ನಾವು ಯಾರೂ ನೆನೆಸದ ಒಂದು ಮಾತಿತ್ತು. ನಮ್ಮ ಓಣಿಯಲ್ಲಿ ಕರೆಂಟು ಇದ್ದೂ ನಡುಹಗಲು ಮಗ್ಗ ನಿಲ್ಲುವುದು ಯಾರಾದರೂ ಸತ್ತು ಹೆಣ ಎದ್ದಾಗ ಮಾತ್ರ. ಒಂದು ಶೆಡ್ಡು ನಿಂತಿತೆಂದರೆ ಮಗ್ಗಲಿನವರು ಕೇಳದೆಯೇ ನಿಲ್ಲಿಸುತ್ತಾರೆ, ಅದನ್ನು ಕೇಳಿ ಅದರ ಆಚೆಯವರು. ನಾನು ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಇಡೀ ಓಣಿ ಬಾಯಿ ಮುಚ್ಚಿಕೊಂಡಿತು. ಎಲ್ಲೋ ಒಂದು ಕೂಸು ಎದ್ದು ಅಳತೊಡಗಿತು. ಬಾಗಿಲುಗಳು ತೆರೆದವು. ಮಂದಿ ಹೊರಗೆ ಬಂದರು.

“ಯಾರ ಹ್ವಾದ್ರು?”

“ಕೋಣ ಗೇಲಂ ರೇ?” ಎಂದು ಇನ್ನೊಬ್ಬರು ಅದನ್ನೇ ಮರಾಠಿಯಲ್ಲಿ ಕೇಳಿದರು.

“ಬಾಳಾಸಾಬನ ಶೆಡ್ಡ ಮೊದಲ ನಿಂತೈತಿ. ಅವನ ಮುದುಕೀನ ಇರ್ಬೇಕು, ಪಾಪ.”

“ನಮ್ಮವ್ವ ಅಲ್ಲೇ ಕಟ್ಟಿ ಮ್ಯಾಲ ಕುಂತ ಭಜಿ ತಿನ್ನಾಕತ್ತಾಳ, ಬಾಯಿ ಬಿಡಬ್ಯಾಡ್ರಿ!” ಎಂದು ಬಾಳಾಸಾಬ ಕೂಗಿದ. ಅಷ್ಟರಲ್ಲಿ ಅವನೂ ನಮ್ಮ ಅಂಗಡಿಯ ಬಾಗಿಲಿಗೆ ಬಂದಿದ್ದ, ಅವನ ಹಿಂದೆ ಅವ್ವ, ಅವಳ ಹಿಂದೆ ಅರ್ಧ ಓಣಿ.

ಕಾಕಾಸಾಹೇಬನ ಮುಖ ಕಪ್ಪಿಟ್ಟಿತು. ಬೆಂಚಿನಿಂದ ಎದ್ದು ಟೋಪಿ ಸರಿ ಮಾಡಿಕೊಂಡ. “ನೀವು ಒಂದ ಶೆಡ್ಡ ನಿಲ್ಸಂದ್ರ ಓಣಿ ಪೂರಾ ನಿಂತೈತಿ, ಖರೇನ ಯಾರೋ ಹ್ವಾದಂಗೈತಿ. ಸೂತಕದಾಗ ಲಗ್ನಪತ್ರಿಕಿ ಬರಸೂದು ಬ್ಯಾಡ್ರಿ ವೈನಿ. ಮಾಯಕ್ಕಗ ಇಡೂ ಪತ್ರಿಕಿ ಅದು. ನಾ ಬ್ಯಾರೆ ಕಡೆ ನೋಡ್ತೇನಿ.”

“ಅಯ್ಯ, ಯಾರೂ ಸತ್ತಿಲ್ರಿ! ಲಾಕ್ ಅಲುಗತೈತಿ ಅಂತ ನಿಲ್ಸಿದ್ದು,” ಎಂದಳು ವೈನಿ.

“ಏನ ಅಲುಗತೈತಿ?” ಎಂದರು ಬಾಗಿಲಲ್ಲಿದ್ದವರು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಚಿದ. ಯಾರೋ ನಕ್ಕರು, ಯಾರೋ ಇನ್ನೂ ತಲೆಯ ಮೇಲೆ ಸೆರಗು ಹೊದ್ದೇ ಇದ್ದರು. ಕಾಕಾಸಾಹೇಬ ಒಂದು ಕಾಲು ಹೊಸ್ತಿಲ ಹೊರಗೆ ಇಟ್ಟ.

ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿದ್ದವು. ವೈನಿಯ ಕಿವಿ ನನ್ನಿಂದ ದೂರ ಇತ್ತು, ಜನರ ನಡುವೆ. ಅವನು ಹೋದರೆ ಈ ನಿಂತ ಮಗ್ಗಗಳೆಲ್ಲ ಸುಮ್ಮನೆ ನಿಂತಂತೆ. ಅವ್ವ ಎಳೆದ ಹಿಡಿಯೂ ಸುಮ್ಮನೆ.

“ಕಾಕಾ, ಮದಿಮಗನ ಸ್ವಾದರಮಾವನ ಹೆಸರ ಏನಂದ್ರಿ?” ಎಂದೆ.

ನಾನು ಮೆಲ್ಲಗೇ ಅಂದದ್ದು. ಮಗ್ಗ ನಡೆಯುವಾಗ ಆ ದನಿ ನನಗೇ ಕೇಳುತ್ತಿರಲಿಲ್ಲ. ಆದರೆ ಈಗ ಓಣಿಯ ತುದಿಯವರೆಗೆ ಹೋದ ಹಾಗಾಯಿತು. ಎಲ್ಲರೂ ತಿರುಗಿ ನೋಡಿದರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ವಿರುಪಾಕ್ಷಪ್ಪ,” ಎಂದ ಕಾಕಾಸಾಹೇಬ ಹೊಸ್ತಿಲಲ್ಲೇ ನಿಂತು, ಕೇಳಿದ್ದಕ್ಕೆ ತಾನಾಗಿ ಬಂದ ಉತ್ತರ. “ವಿರುಪಾಕ್ಷಪ್ಪ, ಅಥಣಿ.”

“ಅವರ ಆದ ಮ್ಯಾಲ ಯಾರ್ದ ಹಾಕ್ಲಿ?”

“ಅವ್ನ ತಮ್ಮಂದ ಹಾಕ್ಬೇಕಲ್ಲ, ಇಲ್ಲಂದ್ರ ಲಗ್ನಕ್ಕ ಬರಾಂಗಿಲ್ಲ ಆಂವ…” ಅವನ ಕಾಲು ಒಳಗೆ ಬಂತು. ಬೆಂಚಿಗೆ ಹೋಗದೆ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಹೇಳತೊಡಗಿದ. ಸೋದರಮಾವಂದಿರು, ಅವರ ಸೊಸೆಯಂದಿರು, ಮೀರಜದ ಅತ್ತೆ, ಸಾಂಗಲಿಯ ಅಳಿಯ. ಒಬ್ಬರ ಹೆಸರು ಬಂದರೆ ಅವರ ಹಿಂದೆ ಸಿಟ್ಟಾಗುವವರ ಹೆಸರು ಬರುತ್ತಿತ್ತು. ಬಾಗಿಲಲ್ಲಿ ನಿಂತವರಲ್ಲೂ ಅವನ ಪರಿಚಯದವರು ಇದ್ದರು. “ರಾಯಬಾಗದ ದುಂಡೇಶಗ ಬಿಟ್ರಿ ನೋಡ್ರಿ” ಎಂದು ಒಬ್ಬರು, “ಗಿರಿಜವ್ವನ ಹೆಸರ ಮೊದಲ ಬರ್ಬೇಕು, ಹಿರ್ಯಾಕಿ” ಎಂದು ಇನ್ನೊಬ್ಬರು.

“ಇಲ್ಲಿ ನನ್ನ ಮಗ್ಗ ನಿಂತಾವ, ನೀವು ಜಿಲ್ಲಾ ಪೂರ್ತಿ ಕರ್ಯಾಕತ್ತೀರಿ!” ಬಾಳಾಸಾಬ ಬಾಗಿಲ ಚೌಕಟ್ಟು ಬಡಿದ. “ಆತೇನ ಬೇ?”

“ಆಗಾಕತ್ತೈತ್ರಿ.”

“ಇನ್ನೊಂದ ನಾಕ ಹೆಸರ,” ಎಂದ ಕಾಕಾಸಾಹೇಬ.

ಅವನು ನಾಲ್ಕು ಎಂದದ್ದು ಎಂದೂ ನಾಲ್ಕಾಗುವುದಿಲ್ಲ ಎಂದು ನನಗೆ ಆಗಲೇ ತಿಳಿದಿತ್ತು. ಬಾಳಾಸಾಬ ಶೆಡ್ಡಿನ ಕಡೆ ತಿರುಗುತ್ತಿದ್ದ. ಅವನು ಹಿಡಿ ಮೇಲೆ ಎತ್ತಿದರೆ ಎಲ್ಲವೂ ಹೋಗುತ್ತದೆ. ಬೆನ್ನಿನ ಮೇಲೆ ಎಲ್ಲರ ಕಣ್ಣು ಇದ್ದವು, ಅವ್ವನದೂ.

“ಸಾಕ್ರಿ ಕಾಕಾ,” ಎಂದೆ. “ಉಳದವ್ರಿಗಿ ಬಾಯಿಲೆ ಕರೀರಿ.”

ಶೆಡ್ಡಿನ ಕಡೆ ಹೊರಟಿದ್ದ ಬಾಳಾಸಾಬ ತಿರುಗಿ ನೋಡಿದ. ಅವನೇ ಮೊದಲು ನಕ್ಕ. ಕಾಕಾಸಾಹೇಬ ಬೆಂಚಿಗೆ ಹೋಗಿ ಕೂತ.

ನಾನು ಪತ್ರಿಕೆ ಉಳಿಸಿದೆ. ಪಿಡಿಎಫ್ ಮಾಡಿದೆ. ಅದೊಂದು ಆದರೆ ಪ್ರಿಂಟಿಗೆ ಲಾಕಿನ ಹಂಗಿಲ್ಲ. ಪರದೆಯ ಮೇಲಿನ ನೀಲಿ ಗೆರೆ ಎಡದಿಂದ ಬಲಕ್ಕೆ ಹೋಗುವುದನ್ನು ನೋಡುತ್ತ ಕೂತೆ. ಗೆರೆ ತುಂಬಿತು. “ಆತ್ರಿ,” ಎಂದೆ. ಬಾಳಾಸಾಬ ಆಗಲೇ ಶೆಡ್ಡಿನಲ್ಲಿದ್ದ. ಮಗ್ಗಗಳು ಬಡಿಯತೊಡಗಿದವು. ಅದನ್ನು ಕೇಳಿ ಆಚೆಯ ಶೆಡ್ಡು, ಅದರ ಆಚೆಯದು. ಪರದೆಯ ಮೇಲೆ ಚೌಕ ಬಂತು. ಅದರ ಕೆಳಗೇ ಪ್ರಿಂಟರು ಮೊದಲ ಪತ್ರಿಕೆಯನ್ನು ಹೊರಗೆ ತಳ್ಳಿತು. ವೈನಿ ಅದಕ್ಕೆ ಅರಿಶಿನ ಹಚ್ಚಿ ಬೇರೆ ಇಟ್ಟಳು. ತಿರುಗಿ ನೋಡಿದಾಗ ಅವ್ವ ಹೋಗಿದ್ದಳು.

ಸಂಜೆ ಸನ್ಮತಿ ಅಣ್ಣ ಬೈಕು ನಿಲ್ಲಿಸಿ ಒಳಗೆ ಓಡಿ ಬಂದ. “ಯಾರ ಹ್ವಾದ್ರ ವೈನಿ? ಕಾಗವಾಡ ತನಾ ಸುದ್ದಿ ಬಂದೈತಿ, ಬೋರಗಾಂವದಾಗ ಯಾರೋ ದೊಡ್ಡ ಮನಷ್ಯಾ ಹ್ವಾದಾ, ಓಣಿ ಪೂರಾ ಬಂದ್ ಅಂತ!”

“ನಿನ್ನ ಕೀಲಿ ಹೋಗೈತಿ. ಬಿಚ್ಚ ಮೊದಲ ಅದನ್ನ,” ಎಂದಳು ವೈನಿ. ನಡೆದದ್ದನ್ನೆಲ್ಲ ಹೇಳಿದಳು. ಕಲ್ಲುಬತ್ತಿನ ಮಾತನ್ನೂ ಬಿಡಲಿಲ್ಲ.

ಅವನು ತಗಡು ತೆಗೆದ. ಪಟ್ಟಿ ಒಂದು ಕಡೆ ವಾಲಿ, ಲಾಕು ಹಲ್ಲು ಸಡಿಲಾದ ಮುದುಕನ ಹಾಗೆ ಕೂತಿತ್ತು. ಅಣ್ಣ ಲಾಕು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡ. ವೈನಿ ಅವನನ್ನು ನೋಡುತ್ತಿದ್ದಳು. ನಾನು ಪತ್ರಿಕೆಯ ಕಟ್ಟು ಕಟ್ಟುವ ನೆಪದಲ್ಲಿ ನೋಡುತ್ತಿದ್ದೆ. ಅವನು ಉಳಿದಿದ್ದ ಒಂದು ಪತ್ರಿಕೆ ಎತ್ತಿಕೊಂಡು ಎರಡೂ ಮಗ್ಗಲು ಓದಿದ. ಮರಾಠಿಯ ಹೆಸರುಗಳ ಮೇಲೆ ಬೆರಳು ಓಡಿಸುತ್ತ ಕೆಳಗಿನವರೆಗೆ ಬಂದ.

“ಕಾಕಾಸಾಹೇಬ ಇಷ್ಟಕ್ಕ ಬಿಟ್ಟಾ?”

“ಆಕಿ ಬಿಡ್ಸಿದ್ಳು,” ಎಂದಳು ವೈನಿ.

ಅಣ್ಣ ನಕ್ಕ. ಇನ್ನೂ ಒಂದು ಗಳಿಗೆ ಲಾಕನ್ನು ಹಿಡಿದುಕೊಂಡೇ ಇದ್ದ. ಆಮೇಲೆ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂಡಿಸಿ, ಲಾಕನ್ನು ಅದರೊಳಗೆ ಚುಚ್ಚಿದ. “ಸೀಮಾ, ಮೊಬೈಲ್ ಬ್ಯಾಟರಿ ಹಚ್ಚಿ ಬೆಳಕ ಹಿಡಿ ಇತ್ಲಾಗ. ವೈನಿ, ಪೈಪಿಗಿ ಬಿಗಿಯೂ ಪ್ಲಾಸ್ಟಿಕ್ ಪಟ್ಟಿ ಬೈಕಿನ ಡಿಕ್ಕ್ಯಾಗ ಅದಾವ, ತಗೊಂಬರ್ರಿ.” ಬಿಗಿದು, ಎಳೆದು ನೋಡಿ, ತಗಡು ಮುಚ್ಚಿದ. ಕೀಲಿಯ ಚಾವಿಯನ್ನು ತನ್ನ ಗೊಂಚಲಿನಿಂದ ಬಿಡಿಸಿ ವೈನಿಯ ಕೈಗೆ ಕೊಟ್ಟ. ಐತವಾರದ ಮಾತು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಮನೆಗೆ ಹೋಗುವಾಗ ಅವ್ವ ಮುಂದೆ, ನಾನು ಹಿಂದೆ. ಅವಳ ಕೂದಲಿನ ತುಂಬ ಹತ್ತಿಯ ಎಳೆ. ಹಾಲಿನ ಡೇರಿ ದಾಟಿದ ಮೇಲೆ ಕೇಳಿದೆ.

“ಬಾಳಾಸಾಬ ಬೈದ್ನೇನವ್ವಾ?”

“ಬೈದಾ. ಮತ್ತ ಬೈಯಾಂಗಿಲ್ಲೇನು?” ಎಂದಳು. ಇನ್ನೂ ಸ್ವಲ್ಪ ದೂರ ನಡೆದಳು. “ಆ ಜಾಗಾಕ್ಕ ಬ್ಯಾರೆಯಾಕಿನ್ನ ನೋಡ್ಕೋ ಅಂದೇನಿ ಅವಗ.”

ನಾನು ಬೀಸಿ ಹೆಜ್ಜೆ ಹಾಕಿ ಅವಳ ಮಗ್ಗಲಿಗೆ ಬಂದೆ.

“ಆದ್ರ ಆ ಮನಷ್ಯಾಗ ಸಾಕ್ರಿ ಅಂದ್ಯಲ್ಲ, ಹಿರ್ಯಾರಿಗಿ ಹಂಗ ಅನಬಾರ್ದು,” ಎಂದಳು ಅವ್ವ. ಹೇಳುವಾಗ ಅವಳ ಭುಜ ಅಲುಗುತ್ತಿತ್ತು, ನಗುತ್ತಿದ್ದಳು.

ಐತವಾರ ಬೆಳಿಗ್ಗೆ ನಾನು ಅಂಗಡಿಯ ಕಸ ಹೊಡೆಯುತ್ತಿದ್ದೆ. ವೈನಿಯ ಫೋನು ಬಡಿಯಿತು. ಜೀಪಿನ ಸದ್ದಿನ ನಡುವೆ ಕಾಕಾಸಾಹೇಬನ ದನಿ ನನ್ನವರೆಗೂ ಕೇಳುತ್ತಿತ್ತು. ಅವನ ಹೆಂಡತಿಯ ತಮ್ಮನ ಹೆಸರು ಬಿಟ್ಟು ಹೋಗಿದೆಯಂತೆ, ಜೀಪಿನಲ್ಲಿ ಅವನೇ ಪಕ್ಕಕ್ಕೆ ಕೂತಿದ್ದಾನಂತೆ, ಚಿಂಚಲಿ ದಾಟುವುದರೊಳಗೆ ಏನಾದರೂ ಮಾಡಬೇಕಂತೆ.

ವೈನಿ ಪೂರ್ತಿ ಕೇಳಿಕೊಂಡಳು. “ತಡೀರಿ, ಅದನ್ನೆಲ್ಲಾ ನನಗ ಹೇಳಬ್ಯಾಡ್ರಿ. ನಮ್ಮ ಆಪರೇಟರ್ ಕಡೆ ಕೊಡ್ತೇನಿ,” ಎಂದು ಫೋನನ್ನು ನನ್ನ ಕಡೆ ಚಾಚಿದಳು.

ನಾನು ಕಸಬರಿಗೆ ಗೋಡೆಗೆ ಆನಿಸಿ ಫೋನು ಇಸಿದುಕೊಂಡೆ. ಗೋಡೆ ನಡುಗುತ್ತಿತ್ತು. ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು, ಅವನಿಗೆ ಕೇಳುವಷ್ಟು ದನಿ ಎತ್ತಿ ಮಾತಾಡತೊಡಗಿದೆ.